ಪ್ರಶ್ನೋತ್ತರ: ತರಾವೀಹಿನ ರಾತ್ರಿ, ಕುನೂತಿನ ಮಾತು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಮಝಾನಿನ ರಾತ್ರಿ ನಮಾಝ್ ಮತ್ತು ಅದರೊಳಗಿನ ದುಆದ ಬಗ್ಗೆಯೇ ಇವೆ. ಝಕಾತಿನ ಲೆಕ್ಕ ಕೇಳಿದವರು ಒಂದು ಸಂಚಿಕೆ ಕಾಯಬೇಕು. ತರಾವೀಹ್ ಎಂಟೋ ಇಪ್ಪತ್ತೋ ಎಂದು ಕೇಳಿದ ನಾಲ್ವರಿಗೆ ಇಲ್ಲಿ ಉತ್ತರವಿಲ್ಲ. ಆ ಚರ್ಚೆ ನಿಮ್ಮ ಮಸೀದಿಯ ಅಂಗಳದಲ್ಲಿ ಪ್ರತಿವರ್ಷ ಸಾಕಷ್ಟು ನಡೆಯುತ್ತಿದೆ.

ಪ್ರಶ್ನೆ: ನಮ್ಮ ಮಸೀದಿಯಲ್ಲಿ ಹದಿನೈದು ಉಪವಾಸ ಕಳೆದ ಮೇಲೆ ವಿತ್ರ್ ನಮಾಝಿನಲ್ಲಿ ಇಮಾಮರು ಕೈಯೆತ್ತಿ ಕುನೂತ್ ಓದುತ್ತಾರೆ, ನಾವು ಆಮೀನ್ ಹೇಳುತ್ತೇವೆ. ಸ್ವಲ್ಪ ಹೊತ್ತಿಗೆ ಆಮೀನ್ ನಿಂತು ಎಲ್ಲರೂ ಮೆಲ್ಲಗೆ ಏನೋ ಹೇಳಿಕೊಳ್ಳುತ್ತಾರೆ. ಅದೇನು? ಇನ್ನೊಂದು, ಮದರಸದ ಪುಸ್ತಕದಲ್ಲಿ ‘ಇಹ್ದಿನೀ’ ಎಂದಿದೆ, ಇಮಾಮರು ‘ಇಹ್ದಿನಾ’ ಎನ್ನುತ್ತಾರೆ. ತಪ್ಪಲ್ಲವೇ ಎಂದು ಮಗಳು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. – ಓದುಗರೊಬ್ಬರು, ಪುತ್ತೂರು

ಉತ್ತರ: ಮೊದಲು ಮಗಳಿಗೆ ನನ್ನ ಸಲಾಮ್ ಹೇಳಿ. ದೊಡ್ಡವರು ಮೂವತ್ತು ವರ್ಷ ಕೇಳಿಯೂ ಗಮನಿಸದ ಅಕ್ಷರವನ್ನು ಅವಳು ಗಮನಿಸಿದ್ದಾಳೆ.

‘ಇಹ್ದಿನೀ’ ಎಂದರೆ ನನಗೆ ದಾರಿ ತೋರಿಸು, ‘ಇಹ್ದಿನಾ’ ಎಂದರೆ ನಮಗೆ ದಾರಿ ತೋರಿಸು. ಈ ದುಆವನ್ನು ಪ್ರವಾದಿಯವರು(ಸ) ಮೊಮ್ಮಗ ಹಸನ್‌ರಿಗೆ(ರ) ವಿತ್ರ್‌ನಲ್ಲಿ ಹೇಳಲು ಕಲಿಸಿದರು. ಅಬೂದಾವೂದ್, ತಿರ್ಮಿದಿ, ನಸಾಈ ಗ್ರಂಥಗಳಲ್ಲಿ ಈ ವರದಿ ಇದೆ. ಒಬ್ಬ ಹುಡುಗನಿಗೆ ಅವನೊಬ್ಬನೇ ಹೇಳಿಕೊಳ್ಳಲೆಂದು ಕಲಿಸಿದ್ದರಿಂದ ಅದು ‘ನನಗೆ’ ಎಂದಿದೆ. ಇಮಾಮರ ಬೆನ್ನ ಹಿಂದೆ ಊರೇ ನಿಂತಿರುವಾಗ ಅವರು ತಮಗೊಬ್ಬರಿಗೇ ಕೇಳಿಕೊಂಡರೆ ಹೇಗಾದೀತು? ಜಮಾಅತಿನಲ್ಲಿ ಇಮಾಮ್ ದುಆವನ್ನು ತನಗಷ್ಟೇ ಸೀಮಿತಗೊಳಿಸುವುದು ಸರಿಯಲ್ಲವೆಂದು ಶಾಫಿಈ ಫಿಕ್ಹ್ ಹೇಳುತ್ತದೆ. ನಿಮ್ಮ ಇಮಾಮರು ಸರಿಯಾಗಿಯೇ ಓದುತ್ತಿದ್ದಾರೆ. ಮನೆಯಲ್ಲಿ ಒಬ್ಬಳೇ ನಮಾಝ್ ಮಾಡುವಾಗ ಮಗಳು ಪುಸ್ತಕದಲ್ಲಿರುವಂತೆ ‘ಇಹ್ದಿನೀ’ ಎನ್ನಲಿ.

ಆಮೀನ್ ನಿಲ್ಲುವುದಕ್ಕೂ ಕಾರಣವಿದೆ. ಕುನೂತಿನ ಮೊದಲ ಭಾಗದಲ್ಲಿ ಐದು ಬೇಡಿಕೆಗಳಿವೆ: ಸನ್ಮಾರ್ಗ ಕೊಡು, ಕ್ಷೇಮ ಕೊಡು, ನನ್ನ ಹೊಣೆ ವಹಿಸಿಕೋ, ಕೊಟ್ಟಿದ್ದರಲ್ಲಿ ಬರ್ಕತ್ ಇಡು, ವಿಧಿಸಿದ್ದರ ಕೆಡುಕಿನಿಂದ ಕಾಪಾಡು. ಬೇಡಿಕೆಗೆ ಆಮೀನ್ ಹೇಳಬೇಕು. ಅಲ್ಲಿಂದ ಮುಂದೆ ಬೇಡಿಕೆ ಮುಗಿದು ಸ್ತುತಿ ಶುರುವಾಗುತ್ತದೆ. ತೀರ್ಪು ಕೊಡುವವನು ನೀನೇ, ನಿನ್ನ ಮೇಲೆ ತೀರ್ಪು ಕೊಡುವವರಿಲ್ಲ ಎಂಬ ಅರ್ಥದ ಮಾತುಗಳವು. ಅದಕ್ಕೆ ಆಮೀನ್ ಹೊಂದುವುದಿಲ್ಲ. ಆದ್ದರಿಂದ ಹಿಂದಿನವರು ಆ ಸ್ತುತಿಯನ್ನು ತಾವೂ ಮೆಲ್ಲಗೆ ಹೇಳಿಕೊಳ್ಳುತ್ತಾರೆ. ಎಲ್ಲಿ ಆಮೀನ್ ನಿಲ್ಲಿಸಬೇಕೆಂದು ತಿಳಿದವನಿಗೆ ಕುನೂತಿನ ಅರ್ಧ ಅರ್ಥ ತಿಳಿದಂತೆ.

ಒಂದು ಲೆಕ್ಕ ಹೇಳಿಬಿಡುತ್ತೇನೆ. ಹಸನ್(ರ) ಹುಟ್ಟಿದ್ದು ಹಿಜರಿ 3ರಲ್ಲಿ, ಪ್ರವಾದಿಯವರು(ಸ) ತೀರಿಕೊಂಡದ್ದು ಹಿಜರಿ 11ರಲ್ಲಿ. ಅಂದರೆ ಈ ದುಆ ಕಲಿಯುವಾಗ ಆ ಹುಡುಗನಿಗೆ ಹೆಚ್ಚೆಂದರೆ ಏಳೆಂಟು ವರ್ಷ. ನಾವು ಗಂಭೀರ ಮುಖ ಮಾಡಿ ಓದುವ ಕುನೂತ್ ಒಬ್ಬ ಅಜ್ಜ ಮೊಮ್ಮಗನಿಗೆ ಬಾಯಿಪಾಠ ಮಾಡಿಸಿದ್ದು. ನಿಧಾನವಾಗಿ ಓದಿದರೂ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯದು. ಕೊನೆಯ ಪತ್ರಕ್ಕೆ ಉತ್ತರಿಸುವಾಗ ಇದು ಮತ್ತೆ ಬೇಕಾಗುತ್ತದೆ.

ಪ್ರಶ್ನೆ: ನನ್ನ ಊರು ಭಟ್ಕಳ, ಕೆಲಸ ಬೆಂಗಳೂರಿನಲ್ಲಿ. ಇಲ್ಲಿನ ಮಸೀದಿಯಲ್ಲಿ ಮೊದಲ ರಾತ್ರಿಯಿಂದಲೇ ಕುನೂತ್ ಇದೆ, ಅದೂ ರುಕೂವಿಗೆ ಮೊದಲು, ಸದ್ದಿಲ್ಲದೆ. ಮೂರು ರಕಅತ್‌ಗೆ ಒಂದೇ ಸಲಾಮ್. ನಮ್ಮೂರಿನಂತೆ ಏನೂ ಇಲ್ಲ. ನನ್ನ ವಿತ್ರ್ ಆಗುತ್ತದೆಯೇ?

ಉತ್ತರ: ಆಗುತ್ತದೆ. ಕರಾವಳಿಯಲ್ಲಿ ನವಾಯತರೂ ಬ್ಯಾರಿಗಳೂ ಶಾಫಿಈ ಮದ್‌ಹಬ್‌ನವರು. ಘಟ್ಟ ಹತ್ತಿದರೆ ಹೆಚ್ಚಿನ ಮಸೀದಿಗಳು ಹನಫೀ. ಬಸ್ಸು ಶಿರಾಡಿ ದಾಟುವಷ್ಟರಲ್ಲಿ ಕುನೂತ್ ರುಕೂವಿನ ಆ ಕಡೆಯಿಂದ ಈ ಕಡೆಗೆ ಬಂದಿರುತ್ತದೆ.

ಹನಫೀಗಳಲ್ಲಿ ವಿತ್ರ್‌ನ ಕುನೂತ್ ವರ್ಷಪೂರ್ತಿ ಇದೆ, ಅದು ವಾಜಿಬ್. ಮೂರನೇ ರಕಅತ್‌ನಲ್ಲಿ ಖಿರಾಅತ್ ಮುಗಿಸಿ, ತಕ್ಬೀರ್ ಹೇಳಿ ಕೈ ಎತ್ತಿ ಮತ್ತೆ ಕಟ್ಟಿ, ಮನಸ್ಸಿನೊಳಗಲ್ಲ, ತುಟಿಯಲ್ಲಿ ಮೆಲ್ಲಗೆ ಓದುತ್ತಾರೆ. ಶಾಫಿಈಗಳಲ್ಲಿ ಅದು ರಮಝಾನಿನ ಉತ್ತರಾರ್ಧಕ್ಕೆ ಮಾತ್ರ, 16ನೇ ರಾತ್ರಿಯಿಂದ, ರುಕೂವಿನ ನಂತರ. ಎರಡು ರಕಅತ್‌ಗೆ ಸಲಾಮ್ ಹೇಳಿ ಒಂದನ್ನು ಬೇರೆಯಾಗಿ ಮಾಡುವುದು ಶಾಫಿಈಗಳಿಗೆ ಉತ್ತಮ, ಆದರೆ ಮೂರನ್ನೂ ಒಟ್ಟಿಗೆ ಮಾಡಿದರೂ ಸಿಂಧು. ಹಾಗಾಗಿ ಇಮಾಮರ ಹಿಂದೆ ನಿಂತು ನಿಮಗೆ ಬರುವ ದುಆವನ್ನು ಮೆಲ್ಲಗೆ ಹೇಳಿಕೊಳ್ಳಿ. ಮೂಲೆಯಲ್ಲಿ ಪ್ರತ್ಯೇಕ ವಿತ್ರ್ ಶುರುಮಾಡಬೇಡಿ.

ಹನಫೀ ಕುನೂತಿನ ಅರ್ಥವನ್ನೂ ಒಮ್ಮೆ ನೋಡಿ. ನಿನ್ನಿಂದ ಸಹಾಯ ಬೇಡುತ್ತೇವೆ, ಕ್ಷಮೆ ಬೇಡುತ್ತೇವೆ, ನಿನ್ನ ಮೇಲೆ ಭರವಸೆ ಇಡುತ್ತೇವೆ ಎಂದು ಶುರುವಿನಿಂದ ಕೊನೆಯವರೆಗೆ ‘ನಾವು’. ನಡುರಾತ್ರಿ ಮನೆಯಲ್ಲಿ ಒಬ್ಬನೇ ನಿಂತವನೂ ‘ನಾವು’ ಎಂದೇ ಹೇಳಬೇಕು. ಪುತ್ತೂರಿನ ಹುಡುಗಿಯ ಪ್ರಶ್ನೆಗೆ ಇದು ಇನ್ನೊಂದು ಬಗೆಯ ಉತ್ತರ. ಈ ದುಆ ಬಾಯಿಗೆ ಬಾರದವರು ಇಹದಲ್ಲೂ ಪರದಲ್ಲೂ ಒಳಿತು ಬೇಡುವ, ಅಲ್‌ಬಕರ ಅಧ್ಯಾಯದ 201ನೇ ವಚನದ ದುಆ ಹೇಳಿದರೆ ಸಾಕೆಂದು ಹನಫೀ ವಿದ್ವಾಂಸರು ರಿಯಾಯಿತಿ ಕೊಟ್ಟಿದ್ದಾರೆ. ಹೇಳುವುದನ್ನೇ ಮರೆತರೆ ಕೊನೆಗೆ ಮರೆವಿನ ಸಜ್ದಾ ಮಾಡಬೇಕು.

ಪ್ರಶ್ನೆ: ನಾನು ಮುಸ್ಲಿಮನಲ್ಲ. ಮನೆಯ ಹಿಂದೆಯೇ ಮಸೀದಿ ಇದೆ. ರಂಜಾನಿನಲ್ಲಿ ರಾತ್ರಿ ಒಬ್ಬರು ಏನೋ ಹೇಳುವುದು, ಉಳಿದವರೆಲ್ಲ ಒಟ್ಟಿಗೆ ‘ಆಮೀನ್’ ಎನ್ನುವುದು ಕೇಳಿಸುತ್ತದೆ. ಅರ್ಥವೇನು? – ಸಾಗರ

ಉತ್ತರ: ಸ್ವೀಕರಿಸು ಎಂದು. ಒಬ್ಬರು ಕೇಳುತ್ತಾರೆ, ಉಳಿದವರು ‘ಹೌದು, ಕೊಡು’ ಎಂದು ಸಹಿ ಹಾಕುತ್ತಾರೆ. ಹೊತ್ತು ಮೀರಿದ ಮೇಲೂ ಹೊರಗಿನ ಮೈಕ್ ಹಾಕಿ ನಿಮ್ಮ ನಿದ್ದೆ ಕೆಡಿಸುತ್ತಿದ್ದರೆ ಜಮಾಅತಿನ ಹಿರಿಯರಿಗೆ ಸಂಕೋಚವಿಲ್ಲದೆ ಹೇಳಿ. ನಮಾಝಿನ ಸ್ವರ ಅತಿ ಎತ್ತರವೂ ಬೇಡ, ಅತಿ ಮೆಲ್ಲಗೂ ಬೇಡ ಎಂದು ಕುರ್‌ಆನ್ ಹೇಳುತ್ತದೆ.

ಪ್ರಶ್ನೆ: ಉಸ್ತಾದರೇ, ನಾನು ಆಟೋ ಓಡಿಸುವವನು. ಅರಬಿ ಓದಲು ಬರುತ್ತದೆ, ಅರ್ಥ ಗೊತ್ತಿಲ್ಲ. ದುಆದಲ್ಲಿ ನನ್ನ ಕಷ್ಟ ಹೇಳಿಕೊಳ್ಳಬೇಕು ಅನಿಸುತ್ತದೆ, ಮಾತು ಬರುವುದಿಲ್ಲ. ಬ್ಯಾರಿಯಲ್ಲಿ, ಕನ್ನಡದಲ್ಲಿ ಕೇಳಬಹುದಾ? ಎಷ್ಟೋ ದಿನ ತರಾವೀಹ್‌ಗೂ ಹೋಗಲಾಗುವುದಿಲ್ಲ, ರಾತ್ರಿ ಬಾಡಿಗೆ ಇರುತ್ತದೆ. – ಚಿಕ್ಕಮಗಳೂರು

ಉತ್ತರ: ನಮಾಝಿನ ಒಳಗೆ ಅರಬಿಯೇ ಇರಲಿ. ಸ್ವಂತವಾಗಿ ಕಟ್ಟಿದ ದುಆವನ್ನು ನಮಾಝಿನೊಳಗೆ ಬೇರೆ ಭಾಷೆಯಲ್ಲಿ ಹೇಳಿದರೆ ಶಾಫಿಈ ಪ್ರಕಾರ ನಮಾಝೇ ಮುರಿಯುತ್ತದೆ, ಹನಫೀಗಳಲ್ಲಿ ಅದು ಮಕ್‌ರೂಹ್. ಆದರೆ ಸಲಾಮ್ ಹೇಳಿ ಮುಗಿಸಿದ ಮೇಲೆ ಯಾವ ಕಟ್ಟೂ ಇಲ್ಲ. ಮನೆಯಲ್ಲಿ ಅಮ್ಮನ ಹತ್ತಿರ ಯಾವ ಭಾಷೆಯಲ್ಲಿ ಸಾಲದ ವಿಷಯ ಹೇಳುತ್ತೀರೋ ಅದೇ ಭಾಷೆಯಲ್ಲಿ ಕೇಳಿ. ವ್ಯಾಕರಣ ನೋಡುವವರು ಅಲ್ಲಿ ಯಾರೂ ಇಲ್ಲ.

ಕುರ್‌ಆನಿನಲ್ಲಿ ಉಪವಾಸದ ವಿಧಿಗಳು ಅಲ್‌ಬಕರ ಅಧ್ಯಾಯದ 183ರಿಂದ 187ನೇ ವಚನದವರೆಗೆ ಇವೆ. ರೋಗಿ ಏನು ಮಾಡಬೇಕು, ಪ್ರಯಾಣಿಕ ಏನು ಮಾಡಬೇಕು, ಊಟ ಎಷ್ಟು ಹೊತ್ತಿಗೆ ನಿಲ್ಲಿಸಬೇಕು, ಹೀಗೆ ಸಾಗುವ ನಿಯಮಗಳ ನಡುವೆ 186ನೆಯದು ಇದ್ದಕ್ಕಿದ್ದಂತೆ ದುಆದ ಬಗ್ಗೆ ಮಾತಾಡುತ್ತದೆ. ನನ್ನ ದಾಸರು ನನ್ನ ಬಗ್ಗೆ ಕೇಳಿದರೆ ನಾನು ಹತ್ತಿರವೇ ಇದ್ದೇನೆ ಎಂಬುದು ಅದರ ತಾತ್ಪರ್ಯ. ಬೇರೆ ಕಡೆ ಜನ ಪ್ರವಾದಿಯವರಲ್ಲಿ ಏನಾದರೂ ಕೇಳಿದ ಪ್ರಸ್ತಾಪ ಬಂದಾಗ ‘ಹೇಳಿರಿ’ ಎಂಬ ಪದದಿಂದ ಉತ್ತರ ಶುರುವಾಗುವುದು ವಾಡಿಕೆ. ಇಲ್ಲಿ ಆ ಪದವಿಲ್ಲ, ಉತ್ತರ ನೇರವಾಗಿ ಬರುತ್ತದೆ. ನಡುವೆ ಪ್ರವಾದಿಯವರನ್ನೂ ನಿಲ್ಲಿಸಿಲ್ಲ ಎಂದು ವ್ಯಾಖ್ಯಾನಕಾರರು ಬಹಳ ಹಿಂದೆಯೇ ಗುರುತಿಸಿದ್ದಾರೆ. ನಿಮ್ಮ ಬ್ಯಾರಿ ಭಾಷೆಗೆ ದುಭಾಷಿ ಬೇಕಾಗಿಲ್ಲ.

ಬಾಡಿಗೆಯ ಮಾತಿಗೆ ಬರೋಣ. ತರಾವೀಹ್‌ನ ಸಮಯ ಇಶಾ ಆದ ಮೇಲಿಂದ ಸುಬ್‌ಹ್‌ವರೆಗೆ ಇದೆ. ಮನೆಗೆ ಬಂದು ಆದಷ್ಟು ಮಾಡಿಕೊಳ್ಳಿ. ದುಆಕ್ಕೆ ರಾತ್ರಿಯ ಕೊನೆಯ ಮೂರನೇ ಒಂದು ಭಾಗ ಶ್ರೇಷ್ಠವೆಂದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಮಗ್ರಿಬ್ 6.40ಕ್ಕೆ, ಸುಬ್‌ಹ್ 5.30ಕ್ಕೆ ಎಂದಿಟ್ಟುಕೊಳ್ಳಿ. ಒಟ್ಟು 10 ಗಂಟೆ 50 ನಿಮಿಷ. ಅದರ ಕೊನೆಯ ಮೂರನೇ ಒಂದು ಭಾಗ ಸುಮಾರು 1.53ಕ್ಕೆ ಶುರುವಾಗುತ್ತದೆ. ಆಗ ನೀವು ಸ್ಟ್ಯಾಂಡಿನಲ್ಲಿ ಬಾಡಿಗೆ ಕಾಯುತ್ತಾ ಹಿಂದಿನ ಸೀಟಿನಲ್ಲಿ ಕಾಲು ಚಾಚಿರುತ್ತೀರಿ. ಅಲ್ಲೇ ಕೇಳಿಕೊಳ್ಳಬಹುದು. ಮಸೀದಿಯಲ್ಲಿ ವಿತ್ರ್ ಮುಗಿಸಿ ಬಂದ ದಿನ ಸಹ್ರಿಗೆ ಬೇಗ ಎಚ್ಚರವಾದರೆ ಎರಡೆರಡು ರಕಅತ್ ಮಾಡಿ, ವಿತ್ರ್ ಮಾತ್ರ ಮತ್ತೆ ಮಾಡಬೇಡಿ. ಒಂದು ರಾತ್ರಿಗೆ ಒಂದೇ ವಿತ್ರ್.

ಪ್ರಶ್ನೆ: ಹೋದ ವರ್ಷ ಇಪ್ಪತ್ತೇಳನೇ ರಾತ್ರಿ ಮನೆಯವರೆಲ್ಲ ನಮಾಝಿಗೆ ನಿಂತಾಗ ನನಗೆ ತಿಂಗಳಿನ ದಿನ. ಅಡುಗೆ ಮನೆಯಲ್ಲಿ ಕೂತು ಅತ್ತೆ. ಆ ರಾತ್ರಿ ನನ್ನ ಪಾಲಿಗೆ ಹೋದ ಹಾಗೆಯೇ? – ಹೆಸರು ಬೇಡ, ಶಿವಮೊಗ್ಗ

ಉತ್ತರ: ಇಲ್ಲ ತಂಗಿ, ಹೋಗಿಲ್ಲ. ನಿಮಗೆ ಆ ದಿನಗಳಲ್ಲಿ ಇಲ್ಲದ್ದು ನಮಾಝ್. ದುಆಕ್ಕೆ, ದಿಕ್ರ್‌ಗೆ, ಪ್ರವಾದಿಯವರ(ಸ) ಮೇಲಿನ ಸ್ವಲಾತಿಗೆ ಯಾವ ತಡೆಯೂ ಇಲ್ಲ. ಮುಟ್ಟಾದ ಹೆಂಗಸರೂ ಈದ್‌ಗಾಹ್‌ಗೆ ಬರಲಿ, ನಮಾಝಿನ ಸಾಲಿನಿಂದ ದೂರವಿದ್ದು ದುಆದಲ್ಲಿ ಸೇರಲಿ ಎಂದು ಪ್ರವಾದಿಯವರು(ಸ) ಆಜ್ಞಾಪಿಸಿದ್ದನ್ನು ಉಮ್ಮು ಅತಿಯ್ಯಾ(ರ) ವರದಿ ಮಾಡಿದ್ದಾರೆ, ಬುಖಾರಿಯಲ್ಲಿದೆ. ಬಯಲಿನಲ್ಲಿ ಸೇರಿಸಿಕೊಂಡವರು ಅಡುಗೆ ಮನೆಯಲ್ಲಿ ಬಿಟ್ಟುಬಿಡುತ್ತಾರೆಯೇ?

ಲೈಲತುಲ್ ಕದ್ರ್ ಸಿಕ್ಕಿದರೆ ಏನು ಕೇಳಲಿ ಎಂದು ಆಯಿಶಾ(ರ) ವಿಚಾರಿಸಿದ್ದರು. ಕಲಿಸಿದ್ದು ಪುಟ್ಟ ದುಆ. ನೀನು ಮನ್ನಿಸುವವನು, ಮನ್ನಿಸುವುದು ನಿನಗೆ ಇಷ್ಟ, ನನ್ನನ್ನು ಮನ್ನಿಸು ಎಂಬುದು ಅದರ ಭಾವ. ಅದರಲ್ಲಿ ಬರುವ ಪದ ‘ಅಫ್ವ್’. ಕ್ಷಮೆಗೆ ಅರಬಿಯಲ್ಲಿ ‘ಮಗ್ಫಿರತ್’ ಎಂಬ ಪದವೂ ಇದೆ. ಅದರ ಮೂಲ ಅರ್ಥ ಮುಚ್ಚುವುದು. ತಲೆ ಕಾಯುವ ಶಿರಸ್ತ್ರಾಣಕ್ಕೂ ಅದೇ ಧಾತುವಿನಿಂದ ಹೆಸರು. ‘ಅಫ್ವ್’ ಎಂದರೆ ಅಳಿಸಿಹಾಕುವುದು. ಮರಳಿನ ಮೇಲಿನ ಹೆಜ್ಜೆಗುರುತನ್ನು ಗಾಳಿ ಅಳಿಸಿತು ಎನ್ನಲು ಅರಬರು ಈ ಧಾತುವನ್ನೇ ಬಳಸುತ್ತಾರೆ. ಮುಚ್ಚಿಟ್ಟದ್ದು ಇನ್ನೂ ಅಲ್ಲೇ ಇರುತ್ತದೆ, ಅಳಿಸಿದ್ದು ಇಲ್ಲವೇ ಇಲ್ಲ. ಇಷ್ಟನ್ನು ಕೇಳಲು ಸಮೋಸದ ಹಿಟ್ಟು ನಾದುತ್ತಿರುವ ಕೈ ಅಡ್ಡಿಯಾಗದು. ಆ ರಾತ್ರಿ ಇಪ್ಪತ್ತೇಳೇ ಎಂದು ಖಚಿತವೂ ಇಲ್ಲ. ಕೊನೆಯ ಹತ್ತರ ಬೆಸ ರಾತ್ರಿಗಳಲ್ಲೆಲ್ಲ ಹುಡುಕಬೇಕು.

ಪ್ರಶ್ನೆ: ದುಆ ಮುಗಿಸಿ ಕೈಯಿಂದ ಮುಖ ಸವರಿಕೊಳ್ಳಬೇಕೇ? – ಹಾಸನ

ಉತ್ತರ: ನಮಾಝಿನ ಹೊರಗೆ ಸವರಿಕೊಂಡವರೊಡನೆ ಜಗಳ ಬೇಡ, ಬಿಟ್ಟವರೊಡನೆಯೂ ಬೇಡ. ಆ ಬಗೆಗಿನ ಹದೀಸ್‌ಗಳ ಬಲದ ಬಗ್ಗೆ ವಿದ್ವಾಂಸರಲ್ಲೇ ಭಿನ್ನಮತವಿದೆ. ಕುನೂತಿನ ನಂತರ, ನಮಾಝಿನೊಳಗೆ, ಸವರಿಕೊಳ್ಳದಿರುವುದೇ ಸರಿಯೆಂದು ಇಮಾಮ್ ನವವೀಯವರ ಅಭಿಪ್ರಾಯ.

ಪ್ರಶ್ನೆ: ನಾನು ದಮ್ಮಾಮಿನಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿ ಕುನೂತ್ ದೀರ್ಘ, ಇಮಾಮರು ಅಳುತ್ತಾರೆ, ಹಿಂದಿನವರೂ ಅಳುತ್ತಾರೆ. ನನಗೆ ಭಾಷೆ ಅರ್ಥವಾಗದೆ ಅಳು ಬರುವುದಿಲ್ಲ, ಹೃದಯ ಕಲ್ಲಾಗಿದೆಯೇ ಎಂದು ಭಯ. ರಜೆಯಲ್ಲಿ ಊರಿಗೆ ಬಂದರೆ ನಮ್ಮ ಮಸೀದಿಯಲ್ಲೂ ಈಗ ಅದೇ ಶೈಲಿ ಬಂದಿದೆ. ತಂದೆಗೆ ಮೊಣಕಾಲು ನೋವು, ನಿಲ್ಲಲಾರರು.

ಉತ್ತರ: ಅರ್ಥವಾಗದ ಮಾತಿಗೆ ಅಳು ಬಾರದಿದ್ದರೆ ಅದು ಹೃದಯದ ದೋಷವಲ್ಲ, ಭಾಷೆಯ ಅಂತರ. ಬೇಡಿಕೆಗೆ ಆಮೀನ್ ಹೇಳಿ. ಸ್ತುತಿ ಬಂದಾಗ ಮೆಲ್ಲಗೆ ‘ಸುಬ್‌ಹಾನಕ್’ ಎನ್ನಿ ಅಥವಾ ಸುಮ್ಮನೆ ಕೇಳಿ. ಬಿಡುವಿನಲ್ಲಿ ಪದೇಪದೇ ಬರುವ ಹತ್ತು ವಾಕ್ಯಗಳ ಅರ್ಥ ಕಲಿತುಕೊಳ್ಳಿ, ಮುಂದಿನ ರಮಝಾನಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಎರಡನೆಯ ಮಾತಿಗೆ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಚಿಕ್ಕ ವಯಸ್ಸಿನಲ್ಲಿ ಮಲೆನಾಡಿನ ಅಂಚಿನ ಮಸೀದಿಯೊಂದರಲ್ಲಿ ಇಮಾಮನಾಗಿದ್ದೆ. ದೊಡ್ಡ ಖಾರಿಗಳ ಕ್ಯಾಸೆಟ್ ಕೇಳಿ ಕೇಳಿ ಉದ್ದದ ಕುನೂತ್ ಬಾಯಿಪಾಠ ಮಾಡಿದ್ದೆ. ಒಂದು ರಾತ್ರಿ ಹನ್ನೆರಡು ನಿಮಿಷ ಓದಿದೆ, ಸ್ವರ ನಡುಗಿಸಿದೆ, ನನಗೆ ನಾನೇ ಮೆಚ್ಚಿಕೊಂಡೆ. ಹೊರಗೆ ಬಂದಾಗ ಚಪ್ಪಲಿ ಹುಡುಕುತ್ತಿದ್ದ ಒಬ್ಬ ಅಜ್ಜ ಹೇಳಿದರು: “ಉಸ್ತಾದೇ, ಇವತ್ತು ನೀವು ಅಲ್ಲಾಹನ ಹತ್ರ ಮಾತಾಡ್ತಾ ಇದ್ರಿ. ನಾನು ನನ್ನ ಮೊಣಕಾಲಿನ ಹತ್ರ ಮಾತಾಡ್ತಾ ಇದ್ದೆ.” ಆಮೇಲೆ ನಾನು ಹಸನ್‌ರಿಗೆ ಕಲಿಸಿದಷ್ಟಕ್ಕೇ ವಾಪಸಾದೆ. ಜನರಿಗೆ ದೀರ್ಘ ನಮಾಝ್ ಮಾಡಿಸಿದ್ದಕ್ಕೆ ಮುಆದ್‌ರಂಥ(ರ) ವಿದ್ವಾಂಸರನ್ನೇ ಪ್ರವಾದಿಯವರು(ಸ) ಗದರಿಸಿದ್ದರು. ಸ್ವಲ್ಪ ಮಾತಿನಲ್ಲಿ ಬಹಳ ಅರ್ಥವಿರುವ ದುಆಗಳೇ ಅವರಿಗೆ ಪ್ರಿಯವಾಗಿದ್ದವು ಎಂದು ಆಯಿಶಾ(ರ) ಹೇಳಿದ್ದಾರೆ. ಉದ್ದ ಓದಬೇಕೆನಿಸಿದರೆ ಮನೆಯಲ್ಲಿ ಒಬ್ಬರೇ ಇದ್ದಾಗ ಬೆಳಗಿನವರೆಗೂ ಓದಲಿ, ಬೇಡವೆನ್ನುವವರಿಲ್ಲ.

ಅಳು ಬಂದರೆ ಬರಲಿ, ಅದನ್ನು ಮೈಕಿನಲ್ಲಿ ಬರಿಸುವುದು ನನಗೆ ಹಿಡಿಸುವುದಿಲ್ಲ. ವಿನಯದಿಂದ, ಗುಟ್ಟಾಗಿ ಬೇಡಿ ಎಂದು ಅಲ್‌ಅಅ್‌ರಾಫ್ ಅಧ್ಯಾಯದ 55ನೇ ವಚನ ಹೇಳುತ್ತದೆ.

ನಿಮ್ಮ ತಂದೆ ಕುರ್ಚಿಯಲ್ಲಿ ಕೂತು ತರಾವೀಹ್ ಮಾಡಬಹುದು. ಐಚ್ಛಿಕ ನಮಾಝನ್ನು ನಿಲ್ಲಲು ಶಕ್ತಿ ಇದ್ದವರೂ ಕೂತು ಮಾಡಬಹುದು, ಆದರೆ ಅವರಿಗೆ ಅರ್ಧ ಪ್ರತಿಫಲ. ನೋವಿನಿಂದ ಕೂತವರಿಗೆ ಪೂರ್ತಿ ಇದೆ. ಮಸೀದಿ ಕಮಿಟಿಯವರು ಇದನ್ನು ಓದುತ್ತಿದ್ದರೆ, ಹದಿನಾರನೇ ರಾತ್ರಿಗೆ ಮೊದಲು ಸಾಲಿನ ತುದಿಯಲ್ಲಿ ನಾಲ್ಕು ಕುರ್ಚಿ ಹಾಕಿಸಿ, ಕುನೂತಿನ ಕನ್ನಡ ಅರ್ಥವನ್ನು ಒಂದು ಹಾಳೆಯಲ್ಲಿ ಬರೆಸಿ ವುಝೂ ಮಾಡುವ ಕಡೆ ಅಂಟಿಸಿ.