ಕಾರಣ ಬೇರೆ, ತಪ್ಪು ಬೇರೆ
ಥೈರಾಯ್ಡ್ ಕೊರತೆ ಮತ್ತು ತಾಯ್ತನ: ಕುಟುಂಬಗಳಿಗೆ ಒಂದು ಪಾಠ



ಪುರವರದ ಕಡೆಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಇದು ಇಂಥವರ ಮನೆಯ ಕತೆಯೆಂದು ಯಾರೂ ಬೆರಳು ತೋರಿಸಬೇಕಾಗಿಲ್ಲ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಸೀಮೆಯ ಯಾವ ಮನೆಯಲ್ಲಾದರೂ ನಡೆಯಬಹುದಾದದ್ದು ಇದು.

ಮದುವೆಯಾಗಿ ನಾಲ್ಕು ವರ್ಷ. ಸೊಸೆಗೆ ಎರಡು ಸಲ ಗರ್ಭ ನಿಂತು, ಎರಡೂ ಸಲ ಮೂರು ತಿಂಗಳು ತುಂಬುವ ಮೊದಲೇ ಹೋಗಿದೆ. ಬೆಳಿಗ್ಗೆ ಎದ್ದರೆ ಮೈ ಭಾರ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಕಡಲೆಕಾಯಿ ಬಿಡಿಸಲು ಕೂತರೆ ಎಲ್ಲರಿಗಿಂತ ಮೊದಲು ಅವಳಿಗೇ ಸುಸ್ತು. ಅತ್ತೆಯ ಕಣ್ಣಿಗೆ ಅವಳು ಸೋಮಾರಿ. ನೆರೆಮನೆಯ ಸೀಮಂತಕ್ಕೆ ಎಲ್ಲರನ್ನೂ ಕರೆದವರು ಅವಳನ್ನು ಮಾತ್ರ ಕರೆಯಲಿಲ್ಲ. ಗಂಡ ಒಳ್ಳೆಯವನೇ, ಆದರೆ ಈ ವಿಷಯ ಬಂದಾಗ ಎದ್ದು ಹೊಲಕ್ಕೆ ಹೋಗಿಬಿಡುತ್ತಾನೆ. ಕೊನೆಗೆ ಮಧುಗಿರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಕೊರತೆಯೆಂದು ತಿಳಿಯಿತು. ಮಾತ್ರೆ ಶುರುವಾಯಿತು. ಕೆಲವು ತಿಂಗಳ ನಂತರ ಮತ್ತೆ ಮುಟ್ಟು ನಿಂತಿತು. ಆಗ ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳಿದರು: "ಬಸುರಿ ಹೆಂಗಸು ಇಂಗ್ಲಿಷ್ ಮಾತ್ರೆ ನುಂಗಬಾರದಮ್ಮ. ಮಗುವಿಗೆ ಆಗೋದಿಲ್ಲ. ನಿಲ್ಲಿಸಿಬಿಡು."

ಈ ಪಾಠವೆಲ್ಲ ಆ ಒಂದು ಮಾತಿಗೆ ಉತ್ತರ. ಆ ಮಾತಿನಲ್ಲಿ ಪ್ರೀತಿಯಿದೆ, ಆದರೆ ಅದು ಅಪಾಯದ ಮಾತು. ಥೈರಾಯ್ಡ್ ಮಾತ್ರೆಯನ್ನು ಗರ್ಭಿಣಿ ನಿಲ್ಲಿಸಬಾರದು. ಬಹುಪಾಲು ತಾಯಂದಿರಿಗೆ ಆಗಲೇ ಅದು ಇನ್ನೂ ಹೆಚ್ಚು ಬೇಕಾಗುತ್ತದೆ.

ಕೊರಳಿನ ಚಿಕ್ಕ ಗ್ರಂಥಿ

ಕೊರಳಿನ ಮುಂಭಾಗದಲ್ಲಿ, ಉಸಿರುನಾಳಕ್ಕೆ ಅಂಟಿಕೊಂಡು, ಚಿಟ್ಟೆಯ ಆಕಾರದ ಒಂದು ಗ್ರಂಥಿಯಿದೆ. ಅದೇ ಥೈರಾಯ್ಡ್. ನಾವು ತಿನ್ನುವ ಆಹಾರದಲ್ಲಿನ ಅಯೋಡಿನ್ ಬಳಸಿಕೊಂಡು ಅದು ಥೈರಾಕ್ಸಿನ್ ಎಂಬ ರಸವನ್ನು ತಯಾರಿಸುತ್ತದೆ. ಒಲೆಗೆ ಸೌದೆ ಇದ್ದಂತೆ ದೇಹಕ್ಕೆ ಈ ರಸ. ಅದು ಕಡಿಮೆಯಾದರೆ ಎಲ್ಲ ಕೆಲಸವೂ ನಿಧಾನ. ಆಯಾಸ, ಚಳಿ ತಡೆಯಲಾರದಿರುವುದು, ಮಲಬದ್ಧತೆ, ಒಣಗಿದ ಚರ್ಮ, ಕೂದಲು ಉದುರುವುದು, ಮುಖ ಊದಿಕೊಳ್ಳುವುದು, ತೂಕ ಏರುವುದು, ಮರೆವು, ಮುಟ್ಟಿನಲ್ಲಿ ಏರುಪೇರು, ಇವು ಅದರ ಲಕ್ಷಣಗಳು.

ಈ ಗ್ರಂಥಿಯ ಮೇಲೆ ಒಬ್ಬ ಮೇಸ್ತ್ರಿಯಿದ್ದಾನೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯೇ ಆ ಮೇಸ್ತ್ರಿ. ಆಳು ನಿಧಾನವಾದಷ್ಟೂ ಮೇಸ್ತ್ರಿಯ ಕೂಗು ಜೋರಾಗುತ್ತದೆಯಲ್ಲವೇ? ಆ ಕೂಗೇ ಟಿ.ಎಸ್.ಎಚ್. ಆದ್ದರಿಂದಲೇ ಥೈರಾಯ್ಡ್ ಕೊರತೆಯಿದ್ದವರ ವರದಿಯಲ್ಲಿ ಟಿ.ಎಸ್.ಎಚ್. ಅಂಕಿ ಏರಿರುತ್ತದೆ. "ಕೊರತೆ ಅನ್ನುತ್ತಾರೆ, ಚೀಟಿಯಲ್ಲಿ ಜಾಸ್ತಿ ಅಂತ ಬರೆದಿದೆ" ಎಂದು ಗಲಿಬಿಲಿಯಾಗಬೇಕಾಗಿಲ್ಲ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಬೆಂಗಳೂರೂ ಸೇರಿ ದೇಶದ 8 ನಗರಗಳಲ್ಲಿ 5,376 ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ ಸುಮಾರು 11 ಮಂದಿಗೆ ಈ ಕೊರತೆ ಕಂಡುಬಂದಿತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಬಹಳ ಮಂದಿಯಲ್ಲಿ ಇದಕ್ಕೆ ಕಾರಣ, ರೋಗದ ವಿರುದ್ಧ ಹೋರಾಡಬೇಕಾದ ದೇಹದ ಕಾವಲು ಪಡೆ ದಾರಿತಪ್ಪಿ ತನ್ನದೇ ಗ್ರಂಥಿಯ ಮೇಲೆ ಬೀಳುವುದು. 1912ರಲ್ಲಿ ಜಪಾನಿನ ಹಶಿಮೊಟೊ ಎಂಬ ವೈದ್ಯರು ಇದನ್ನು ವಿವರಿಸಿದ್ದರಿಂದ ಆ ಕಾಯಿಲೆಗೆ ಅವರದೇ ಹೆಸರು ಬಂತು.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಪಾವಗಡ, ಶಿರಾ, ಮಧುಗಿರಿಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮೈಕೈ ನೋವೆಂದರೆ "ನೀರಿನ ದೋಷ" ಎನ್ನುತ್ತೇವೆ. ಸುಸ್ತೆಂದರೆ "ರಕ್ತ ಕಡಿಮೆ" ಎನ್ನುತ್ತೇವೆ. ಎರಡೂ ನಿಜವಿರಬಹುದು. ಆದರೆ ಅವುಗಳ ಹಿಂದೆ ಥೈರಾಯ್ಡ್ ಕೊರತೆಯೂ ಅಡಗಿರಬಹುದು. ಅದನ್ನು ಹೇಳುವುದು ರಕ್ತ ಪರೀಕ್ಷೆಯೊಂದೇ.

ಮಕ್ಕಳಾಗುವುದಕ್ಕೂ ಇದಕ್ಕೂ ಏನು ಸಂಬಂಧ?

ಥೈರಾಯ್ಡ್ ರಸ ಬಹಳ ಕಡಿಮೆಯಾದಾಗ, ಎದೆಹಾಲಿಗೆ ಸಂಬಂಧಿಸಿದ ಪ್ರೊಲ್ಯಾಕ್ಟಿನ್ ಎಂಬ ರಸ ಏರಬಹುದು. ಆಗ ತಿಂಗಳು ತಿಂಗಳು ಅಂಡ ಬಿಡುಗಡೆಯಾಗುವುದು ತಪ್ಪುತ್ತದೆ, ಮುಟ್ಟು ಹಿಂದುಮುಂದಾಗುತ್ತದೆ, ಗರ್ಭ ನಿಲ್ಲುವುದು ತಡವಾಗುತ್ತದೆ. ಗರ್ಭ ನಿಂತ ಮೇಲೆಯೂ, ಚಿಕಿತ್ಸೆಯಿಲ್ಲದ ಕೊರತೆಯಿಂದ ಗರ್ಭಪಾತ, ರಕ್ತದೊತ್ತಡ, ಅವಧಿಗೆ ಮುಂಚಿನ ಹೆರಿಗೆ, ಕೂಸಿನ ತೂಕ ಕಡಿಮೆಯಾಗುವುದು ಇವುಗಳ ಅಪಾಯ ಹೆಚ್ಚು.

ಸಮಾಧಾನದ ಸಂಗತಿಯೆಂದರೆ, ಮಕ್ಕಳಾಗದಿರುವುದಕ್ಕೆ ಇರುವ ಕಾರಣಗಳಲ್ಲಿ ಸುಲಭವಾಗಿ ಪತ್ತೆಯಾಗುವ, ಸುಲಭವಾಗಿ ಸರಿಪಡಿಸಬಹುದಾದ ಕಾರಣ ಇದು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಥೈರಾಯ್ಡ್ ಸಾರವನ್ನು ಈ ಕಾಯಿಲೆಯ ಒಬ್ಬ ಹೆಂಗಸಿಗೆ ಕೊಟ್ಟರು. ಆಕೆ ಆ ಚಿಕಿತ್ಸೆಯಲ್ಲಿ ಮುಂದೆ 28 ವರ್ಷ ಬದುಕಿದರು. ಇಂದಿನ ಲೀವೋಥೈರಾಕ್ಸಿನ್ ಮಾತ್ರೆಯಲ್ಲಿರುವುದು ನಮ್ಮ ಗ್ರಂಥಿಯೇ ತಯಾರಿಸುವ ಅದೇ ರಸ. ಬತ್ತಿದ ಬಾವಿಗೆ ಹೊರಗಿನಿಂದ ನೀರು ತಂದು ತುಂಬಿದಂತೆ. ನೀರು ಅದೇ, ಬಂದ ದಾರಿ ಮಾತ್ರ ಬೇರೆ.

ಮೊದಲ ಮೂರು ತಿಂಗಳು

ಹೊಟ್ಟೆಯೊಳಗಿನ ಕೂಸಿಗೆ ತನ್ನದೇ ಥೈರಾಯ್ಡ್ ಕೆಲಸ ಆರಂಭಿಸಲು ಸುಮಾರು 12 ವಾರ ಬೇಕು. ಅದು ಚೆನ್ನಾಗಿ ದುಡಿಯಲು ಸುಮಾರು ಐದು ತಿಂಗಳೇ ಆಗುತ್ತದೆ. ಅಲ್ಲಿಯವರೆಗೆ ಅದರ ಮೆದುಳು ಬೆಳೆಯುವುದು ತಾಯಿಯ ರಸದಿಂದ. ಅಂದರೆ ತಾಯಿಯ ಗ್ರಂಥಿ ಇಬ್ಬರಿಗಾಗಿ ದುಡಿಯಬೇಕು. ಆರೋಗ್ಯದ ಗ್ರಂಥಿ ತಾನಾಗಿಯೇ ಹೆಚ್ಚು ದುಡಿಯುತ್ತದೆ. ಸೋತ ಗ್ರಂಥಿಗೆ ಅದು ಆಗದು. ಹೊರಗಿನಿಂದಲೇ ತುಂಬಬೇಕು.

ಎಷ್ಟು ತುಂಬಬೇಕೆಂಬುದನ್ನು ಅಮೆರಿಕದ ಬಾಸ್ಟನ್ನಿನ ವೈದ್ಯರು 2004ರಲ್ಲಿ ತೋರಿಸಿದರು. ಮೊದಲೇ ಮಾತ್ರೆ ನುಂಗುತ್ತಿದ್ದ ಹೆಂಗಸರ 20 ಗರ್ಭಗಳಲ್ಲಿ 17ರಲ್ಲಿ ಪ್ರಮಾಣ ಹೆಚ್ಚಿಸಬೇಕಾಯಿತು. ಮೊದಲರ್ಧದಲ್ಲಿ ಸರಾಸರಿ ನೂರಕ್ಕೆ 47ರಷ್ಟು ಹೆಚ್ಚು ಬೇಕಾಯಿತು, ಅದೂ ಕೆಲವರಿಗೆ 5ನೆಯ ವಾರದಿಂದಲೇ. ಐದನೆಯ ವಾರವೆಂದರೆ ಮುಟ್ಟು ತಪ್ಪಿ ಇನ್ನೂ ಒಂದು ವಾರ. "ಮೂರು ತಿಂಗಳು ತುಂಬಲಿ, ಆಮೇಲೆ ಡಾಕ್ಟರಿಗೆ ತೋರಿಸೋಣ" ಎಂದು ಕಾಯುವಷ್ಟರಲ್ಲಿ ಮುಖ್ಯ ಕಾಲ ಕಳೆದೇ ಹೋಗಿರುತ್ತದೆ.

ಆದ್ದರಿಂದ ಮಾತ್ರೆ ನುಂಗುತ್ತಿರುವವರು ಹೀಗೆ ಮಾಡಬೇಕು.

1. ಮಗುವಿಗಾಗಿ ಪ್ರಯತ್ನಿಸುವ ಮೊದಲೇ ಟಿ.ಎಸ್.ಎಚ್. ನೋಡಿಸಿ, ಸಾಮಾನ್ಯವಾಗಿ 2.5ಕ್ಕಿಂತ ಕೆಳಗೆ ತಂದುಕೊಳ್ಳಬೇಕು.

2. "ಗರ್ಭ ನಿಂತ ದಿನ ನಾನು ಎಷ್ಟು ಮಾತ್ರೆ ಹೆಚ್ಚಿಸಲಿ?" ಎಂದು ವೈದ್ಯರನ್ನು ಮೊದಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಸಾಮಾನ್ಯವಾಗಿ ವಾರಕ್ಕೆ 7ರ ಬದಲು 9 ಮಾತ್ರೆ ಎನ್ನುತ್ತಾರೆ. ಆದರೆ ನಿಮ್ಮ ಲೆಕ್ಕ ನಿಮ್ಮ ವೈದ್ಯರದ್ದೇ.

3. ಗರ್ಭದ ಮೊದಲರ್ಧದಲ್ಲಿ ಸುಮಾರು 4 ವಾರಕ್ಕೊಮ್ಮೆ, ಮತ್ತೆ 30ನೆಯ ವಾರದ ಹೊತ್ತಿಗೆ ಒಮ್ಮೆಯಾದರೂ ರಕ್ತ ಪರೀಕ್ಷೆ ಬೇಕು.

ಇದುವರೆಗೆ ಪರೀಕ್ಷೆಯನ್ನೇ ಮಾಡಿಸದವರ ಮಾತೇನು? ಕೇಂದ್ರ ಸರ್ಕಾರದ ಆರೋಗ್ಯ ಸಚಿವಾಲಯ 2014ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಹಿಂದೆ ಗರ್ಭಪಾತವಾದವರು, ಸತ್ತ ಮಗು ಹೆತ್ತವರು, ಮಕ್ಕಳಾಗಲು ತಡವಾದವರು, ಮನೆತನದಲ್ಲಿ ಥೈರಾಯ್ಡ್ ಕಾಯಿಲೆಯಿರುವವರು, ತೂಕ ಬಹಳ ಹೆಚ್ಚಿರುವವರು ಗರ್ಭಿಣಿಯಾದಾಗ ಟಿ.ಎಸ್.ಎಚ್. ನೋಡಬೇಕೆಂದು ಅದು ಹೇಳುತ್ತದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗಾಗಿ ಉಚಿತ ತಪಾಸಣೆ ನಡೆಸುವ ಕಾರ್ಯಕ್ರಮ 2016ರಲ್ಲಿ ಆರಂಭವಾಯಿತು. ಹೋದಾಗ ಹಳೆಯ ಗರ್ಭಪಾತದ ಸಂಗತಿಯನ್ನು ಮುಚ್ಚಿಡಬೇಡಿ. ಆಶಾ ಕಾರ್ಯಕರ್ತೆಗೂ ಹೇಳಿ. ಅಂಕಿ ಅಲ್ಪಸ್ವಲ್ಪ ಏರಿದ್ದರೆ ಮಾತ್ರೆ ಬೇಕೋ ಬೇಡವೋ ಎಂಬುದನ್ನು ಇನ್ನೂ ಒಂದೆರಡು ಪರೀಕ್ಷೆ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ನೆರೆಮನೆಯವರ ಮಾತ್ರೆಯನ್ನು ತಂದು ನುಂಗುವ ಕೆಲಸ ಮಾತ್ರ ಬೇಡ.

ನುಂಗುವ ಕ್ರಮ

ಮಾತ್ರೆ ಒಳ್ಳೆಯದೇ ಇದ್ದರೂ ಹೊತ್ತು ತಪ್ಪಿದರೆ ಮೈಗೆ ಹತ್ತುವುದಿಲ್ಲ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನೊಡನೆ ನುಂಗಬೇಕು. ಕಾಫಿ, ಟೀ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು. ಎದ್ದ ಕೂಡಲೇ ಮಾತ್ರೆ ನುಂಗಿ ಕಸ ಗುಡಿಸಿ, ಹಾಲು ಕರೆದು ಬರುವಷ್ಟರಲ್ಲಿ ಆ ಹೊತ್ತು ಕಳೆದಿರುತ್ತದೆ.

ಗರ್ಭಿಣಿಗೆ ಆಸ್ಪತ್ರೆಯಲ್ಲಿ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಅವು ಬೇಕೇ ಬೇಕು. ಆದರೆ ಮೂರನ್ನೂ ಒಂದೇ ಗುಕ್ಕಿಗೆ ನುಂಗಿದರೆ ಕಬ್ಬಿಣ ಮತ್ತು ಕ್ಯಾಲ್ಸಿಯಂಗಳು ಥೈರಾಯ್ಡ್ ಮಾತ್ರೆಯನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕನಿಷ್ಠ 4 ಗಂಟೆಯ ಅಂತರವಿರಲಿ. ಬೆಳಗಿನ ಮಾತ್ರೆ ಥೈರಾಯ್ಡಿಗೆ, ಉಳಿದವು ಮಧ್ಯಾಹ್ನದ ಊಟದಿಂದ ಮುಂದಕ್ಕೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೂಡ ಒಟ್ಟಿಗೆ ಬೇಡ. ಅವುಗಳ ಹೊತ್ತನ್ನು ನರ್ಸಮ್ಮನವರಿಂದ ಕೇಳಿಕೊಳ್ಳಿ.

ಉಪ್ಪಿನ ಮಾತು

ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು. ಬೇರೆಯವರಿಗೆ 150 ಸಾಕು. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಊರಿಗೆ ಊರೇ ಗಳಗಂಡದಿಂದ ನರಳುತ್ತಿದ್ದಾಗ, ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಅಯೋಡಿನ್ ಉಪ್ಪು ಕೊಟ್ಟು ಅದು ಇಳಿಯುವುದನ್ನು ತೋರಿಸಿದರು. ಅಲ್ಲಿಂದಲೇ 1962ರ ರಾಷ್ಟ್ರೀಯ ಕಾರ್ಯಕ್ರಮ ಹುಟ್ಟಿತು. ಸಂತೆಯಲ್ಲಿ ಸಿಗುವ ಬಿಡಿ ಕಲ್ಲುಪ್ಪಿನಲ್ಲಿ ಅಯೋಡಿನ್ ಇರುವ ಭರವಸೆಯಿಲ್ಲ. ಅಡಿಗೆಗೆ ಅಯೋಡಿನ್ ಇರುವ ಪೊಟ್ಟಣದ ಉಪ್ಪನ್ನೇ ತಂದು, ಮುಚ್ಚಳವಿರುವ ಡಬ್ಬಿಯಲ್ಲಿ ಒಲೆಯಿಂದ ದೂರ ಇಡಿ. ಆದರೆ ಒಂದು ಎಚ್ಚರ: ಸೋತ ಗ್ರಂಥಿಯನ್ನು ಉಪ್ಪು ಎಬ್ಬಿಸಲಾರದು. ಹೆಚ್ಚು ಉಪ್ಪು ತಿಂದು ಮಾತ್ರೆ ಬಿಡುವುದು ಸಲ್ಲದು.

ಕಾರಣ ಬೇರೆ, ತಪ್ಪು ಬೇರೆ

ಈಗ ಪಾಠದ ನಡುವಿನ ಮಾತಿಗೆ ಬರೋಣ. ಗರ್ಭ ನಿಲ್ಲದಿರಲು ಒಂದು ಕಾರಣವಿದೆ ಎನ್ನುವುದು ಒಂದು ಮಾತು. ಅದು ಒಬ್ಬರ ತಪ್ಪು ಎನ್ನುವುದು ಬೇರೆಯೇ ಮಾತು. ಮಳೆ ಬಾರದಿರಲು ಕಾರಣವಿದೆ, ಆದರೆ ಅದು ಹೊಲದ ತಪ್ಪಲ್ಲ. ತಪ್ಪು ಎನ್ನಬೇಕಾದರೆ ಅಲ್ಲಿ ಅರಿವು ಮತ್ತು ಇಚ್ಛೆ ಎರಡೂ ಇರಬೇಕು. ಯಾವ ಹೆಂಗಸು ಅರಿತು, ಇಚ್ಛಿಸಿ ತನ್ನ ಗ್ರಂಥಿಯನ್ನು ಸೋಲಿಸಿಕೊಂಡಾಳು? ಹಾಗಿದ್ದೂ ನಾವು "ಬಂಜೆ" ಎಂಬ ಒಂದು ಪದವನ್ನು ಎಷ್ಟು ಸಲೀಸಾಗಿ ಅವಳ ಮೇಲೆ ಎಸೆಯುತ್ತೇವೆ! ಹುಟ್ಟುಕುರುಡನನ್ನು ಕಂಡ ಶಿಷ್ಯರು "ಪಾಪ ಯಾರದು?" ಎಂದು ಕೇಳಿದಾಗ, ಯೇಸುಸ್ವಾಮಿ ಆ ಪ್ರಶ್ನೆಯನ್ನೇ ಒಪ್ಪಲಿಲ್ಲ. ಲೆಕ್ಕ ಹಾಕುವುದನ್ನು ಬಿಟ್ಟು ಆ ಮನುಷ್ಯನ ಕಣ್ಣಿನ ಕಡೆಗೆ ತಿರುಗಿದರು.

ಕಾರಣವನ್ನು ಹುಡುಕುವುದಾದರೆ ಇಬ್ಬರಲ್ಲೂ ಹುಡುಕಬೇಕು. ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಇಬ್ಬರೂ ಒಟ್ಟಿಗೆ ಹೋಗಿ ತೋರಿಸಿಕೊಳ್ಳಬೇಕು. ಗಂಡನ ವೀರ್ಯ ಪರೀಕ್ಷೆ ಸರಳವಾದದ್ದು, ಅದರಲ್ಲಿ ಅವಮಾನವೇನಿಲ್ಲ. ಹೆಂಡತಿ ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಳ್ಳುವಾಗ ಗಂಡ ಹೊರಗೆ ಬೇವಿನ ಮರದ ಕೆಳಗೆ ನಿಂತಿರುವುದು ನ್ಯಾಯವಲ್ಲ. ಮಾತ್ರೆ ನುಂಗಿದವರಿಗೆಲ್ಲ ಮಗುವಾಗುತ್ತದೆಂದು ಮಾತು ಕೊಡಲಾಗದು. ಆಗದಿದ್ದರೂ ಅವರು ಪೂರ್ಣ ದಂಪತಿಗಳೇ, ಅದು ಪೂರ್ಣ ಮನೆಯೇ.

ಪ್ರಾರ್ಥನೆ ಮಾಡಿ, ಹರಕೆ ಹೊರಿ. ಆದರೆ ಹರಕೆಗೆ ಹೊರಟ ದಿನವೂ ಮಾತ್ರೆ ಬಿಡಬೇಡಿ. ಮದ್ದನ್ನು ಭೂಮಿಯಿಂದ ಬರಿಸಿದವನೂ ವೈದ್ಯನಿಗೆ ಜಾಣ್ಮೆ ಕೊಟ್ಟವನೂ ದೇವರೇ ಎಂದು ಸಿರಾಖನ ಗ್ರಂಥ ನಮಗೆ ಕಲಿಸುತ್ತದೆ.

ತವರಿಗೆ ಹೊರಟಾಗ

ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ವಾಡಿಕೆ. ಊರು ಬದಲಾದಾಗ, ಆಸ್ಪತ್ರೆ ಬದಲಾದಾಗ ಮಾತ್ರೆಯೂ ಮರೆತುಹೋಗಬಹುದು. ಸೀರೆ, ಬಳೆಯ ಜೊತೆಗೆ ತಾಯಿ ಕಾರ್ಡು, ಟಿ.ಎಸ್.ಎಚ್. ವರದಿಗಳು, ಮಾತ್ರೆಯ ಬಾಟಲಿ ಇವೂ ಚೀಲದಲ್ಲಿರಲಿ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಹಳೆಯ ಪ್ರಮಾಣಕ್ಕೆ ಇಳಿಸುತ್ತಾರೆ. ಸುಮಾರು 6 ವಾರಕ್ಕೆ ಮತ್ತೆ ಪರೀಕ್ಷೆ ಬೇಕು. ಮಾತ್ರೆ ನುಂಗುತ್ತಲೇ ಎದೆಹಾಲು ಕೊಡಬಹುದು, ಭಯವಿಲ್ಲ. ಕೂಸಿನ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಅದರ ಥೈರಾಯ್ಡನ್ನೂ ನೋಡುವ ಪರೀಕ್ಷೆಯಿದೆ. ಅದನ್ನು ಕೇಳಿ ಮಾಡಿಸಿ. ಕೂಸಿಗೆ ಕೊರತೆಯಿದ್ದರೆ ಬೇಗ ಮದ್ದು ಕೊಟ್ಟಷ್ಟೂ ಅದರ ಬುದ್ಧಿ ಚೆನ್ನಾಗಿ ಬೆಳೆಯುತ್ತದೆ.

ಆರಂಭದಲ್ಲಿ ಕಂಡ ಮನೆಗೆ ಮರಳೋಣ. ಆ ಹಿರಿಯರು ಇನ್ನು ಮುಂದೆ ಹೇಳಬೇಕಾದದ್ದು ಇಷ್ಟೇ: "ಮಾತ್ರೆ ನುಂಗಿದೆಯೇನಮ್ಮ? ಕಾಫಿ ಆಮೇಲೆ ನಾನೇ ಕಾಯಿಸಿ ಕೊಡ್ತೀನಿ."

ಮನೆಯವರೆಲ್ಲ ಕೂತು ಮಾತನಾಡಲು

1. ನಮ್ಮ ಮನೆಯಲ್ಲಿ ಯಾರದಾದರೂ ಆಯಾಸವನ್ನು ಸೋಮಾರಿತನವೆಂದು ಕರೆದಿದ್ದೇವೆಯೇ?

2. ನಮ್ಮ ಅಡಿಗೆಮನೆಯ ಉಪ್ಪಿನ ಪೊಟ್ಟಣದ ಮೇಲೆ ಅಯೋಡಿನ್ ಎಂದು ಬರೆದಿದೆಯೇ?

3. ಮಕ್ಕಳಿಲ್ಲದ ದಂಪತಿಗಳನ್ನು ನಮ್ಮ ಶುಭಕಾರ್ಯಗಳಿಗೆ ಇತರರಂತೆಯೇ ಕರೆಯುತ್ತೇವೆಯೇ? ಮುಂದಿನ ಸೀಮಂತಕ್ಕೆ ಯಾರನ್ನು ಮೊದಲು ಕರೆಯೋಣ?