ಪೈಪ್ ಸಾಲಿನಿಂದ ಸದ್ದು ತಡೆಯುವುದು: ಹಂತ ಹಂತವಾಗಿ

ಅರಸೀಕೆರೆಯ ಈಶ್ವರ ದೇವಾಲಯದ ತಳ 16 ಮೂಲೆಯ ನಕ್ಷತ್ರ. ಮೂಲೆಗಳೆಲ್ಲ ಒಂದೇ ಬಗೆಯಾಗಿರುವ ನಕ್ಷತ್ರವನ್ನು ಒಂದು ಮೂಲೆಯಷ್ಟು ತಿರುಗಿಸಿದರೂ ಅದೇ ರೂಪ. ಇದೇ ಸಮಮಿತಿ. ಸಮ ಅಂತರದಲ್ಲಿ ನಿಲ್ಲಿಸಿದ ಪೈಪ್‌ಗಳು ಯಾವ ಸದ್ದನ್ನು ಯಾವ ದಿಕ್ಕಿನಿಂದ ತಡೆಯುತ್ತವೆ ಎಂಬುದನ್ನೂ ಸಮಮಿತಿಯೇ ತೀರ್ಮಾನಿಸುತ್ತದೆ. 1995ರಲ್ಲಿ ಸ್ಪೇನ್‌ನ ವಿಜ್ಞಾನಿಗಳು ಯೂಸೆಬಿಯೊ ಸೆಂಪೆರೆ ರಚಿಸಿದ ಉಕ್ಕಿನ ಕೊಳವೆಗಳ ಶಿಲ್ಪ 1670 ಹರ್ಟ್ಜ್ ಸುತ್ತಲಿನ ಸದ್ದನ್ನು ತಗ್ಗಿಸುವುದನ್ನು ಅಳೆದು ತೋರಿಸಿದರು. ನೀವೂ ಅಂಗಳದಲ್ಲಿ ಮಾಡಬಹುದು. ಭಯಪಡಬೇಡಿ, ಲೆಕ್ಕ ಸುಲಭ.

ಬೇಕಾದದ್ದು: 20 ಅಡಿ ಉದ್ದದ 40 ಎಂಎಂ ಪಿವಿಸಿ ಪೈಪ್ 6, ಹ್ಯಾಕ್ಸಾ, ಮರಳು, ಟೇಪ್, ಬ್ಲೂಟೂತ್ ಸ್ಪೀಕರ್, ಫೈಫಾಕ್ಸ್ ಆ್ಯಪ್ ಇರುವ ಎರಡು ಫೋನ್.

1. ಲೆಕ್ಕ ಹಾಕಿ. ಪ್ರತಿ ಸಾಲೂ ಸ್ವಲ್ಪ ಸದ್ದನ್ನು ಹಿಂದಕ್ಕೆ ಕಳಿಸುತ್ತದೆ. ಸಾಲುಗಳ ಅಂತರ ಅರ್ಧ ಅಲೆಯುದ್ದವಾದಾಗ ಹಿಂದಿರುಗಿದ ಅಲೆಗಳೆಲ್ಲ ಒಟ್ಟುಗೂಡುತ್ತವೆ, ಮುಂದೆ ಹೋಗುವ ಸದ್ದು ಕುಗ್ಗುತ್ತದೆ. ಅಂತರ 10 ಸೆಂ.ಮೀ. ಇದ್ದರೆ: 343 ÷ 0.2 = 1715 ಹರ್ಟ್ಜ್.

2. ಪೈಪ್ ಕತ್ತರಿಸಿ. 1 ಮೀಟರಿನ 36 ತುಂಡು.

3. ಖಾಲಿ ಜಾಗದಲ್ಲಿ ಅಳೆಯಿರಿ. ಒಂದು ಫೋನಿನಿಂದ 1500ರಿಂದ 2700 ಹರ್ಟ್ಜ್‌ವರೆಗೆ, ನೂರು ನೂರು ಏರಿಸುತ್ತ ಸ್ಪೀಕರ್‌ನಲ್ಲಿ ಸ್ವರ ನುಡಿಸಿ. ಇನ್ನೊಂದರಲ್ಲಿ ಡೆಸಿಬೆಲ್ ಓದಿ ಬರೆದುಕೊಳ್ಳಿ. ವಾಲ್ಯೂಮ್ ಮತ್ತೆ ಮುಟ್ಟಬೇಡಿ.

4. ಚೌಕವಾಗಿ ನೆಡಿ. ಒದ್ದೆ ಮರಳಿನಲ್ಲಿ 6 ಸಾಲು, ಸಾಲಿಗೆ 6. ಎಚ್ಚರ: 10 ಸೆಂ.ಮೀ. ಎಂದರೆ ಪೈಪಿನ ನಡುವಿನಿಂದ ನಡುವಿಗೆ, ಮಧ್ಯದ ಸಂದು ಅಲ್ಲ.

5. ಎದುರಿನಿಂದ ಅಳೆಯಿರಿ. ಸ್ಪೀಕರ್ 1 ಮೀಟರ್ ಮುಂದೆ, ಫೋನ್ ಹಿಂದೆ, ಪೈಪಿಗೆ ಹತ್ತಿರ. ದೂರ ಇಟ್ಟರೆ ಸದ್ದು ಬದಿಯಿಂದ ಸುತ್ತಿ ಬಂದುಬಿಡುತ್ತದೆ. 1700ರ ಆಸುಪಾಸಿನಲ್ಲಿ ಇಳಿತ ಹುಡುಕಿ.

6. ಪಕ್ಕದಿಂದ ಅಳೆಯಿರಿ. ಉತ್ತರ ಹೆಚ್ಚುಕಡಿಮೆ ಅದೇ. ಚೌಕವನ್ನು 90 ಡಿಗ್ರಿ ತಿರುಗಿಸಿದರೂ ಚೌಕವೇ ತಾನೆ?

7. ಮೂಲೆಯಿಂದ ಅಳೆಯಿರಿ. ಈಗ ಸಾಲುಗಳ ಅಂತರ ಸುಮಾರು 7.1 ಸೆಂ.ಮೀ. ಇಳಿತ 2400ರತ್ತ ಸರಿಯುತ್ತದೆ. ಗಾಬರಿಯಾಗಬೇಡಿ, ಅದು ತಪ್ಪಲ್ಲ.

8. ತ್ರಿಕೋನ ಜೋಡಣೆಗೆ ಬದಲಿಸಿ. ಸಾಲು ಬಿಟ್ಟು ಸಾಲನ್ನು 5 ಸೆಂ.ಮೀ. ಪಕ್ಕಕ್ಕೆ ಸರಿಸಿ, ಸಾಲುಗಳ ಅಂತರ 8.7 ಸೆಂ.ಮೀ. ಮಾಡಿ. ಒಳಗಿನ ಪ್ರತಿ ಪೈಪಿಗೂ ಈಗ 6 ನೆರೆ.

9. ಮತ್ತೆ ಎದುರು, ಪಕ್ಕ ಅಳೆಯಿರಿ. ಇಳಿತ ಎದುರಿನಿಂದ ಸುಮಾರು 1980, ಪಕ್ಕದಿಂದ (ಇಲ್ಲಿ ಓರೆ ಸಾಲುಗಳು ಅಲೆಯನ್ನು ಹಿಂದಿರುಗಿಸುವುದರಿಂದ) ಸುಮಾರು 2290 ಹರ್ಟ್ಜ್ ಬಳಿ ಬರಬೇಕು.

10. ಹೋಲಿಸಿ. ಚೌಕದಲ್ಲಿ ಎದುರಿಗೂ ಮೂಲೆಗೂ ವ್ಯತ್ಯಾಸ ಸುಮಾರು 700 ಹರ್ಟ್ಜ್, ತ್ರಿಕೋನದಲ್ಲಿ ಎದುರಿಗೂ ಪಕ್ಕಕ್ಕೂ ಸುಮಾರು 300. ಪೈಪ್ ದಪ್ಪ ಮಾಡಿದಷ್ಟೂ ಇಳಿತದ ಪಟ್ಟಿ ಅಗಲವಾಗುತ್ತದೆ. ತ್ರಿಕೋನದಲ್ಲಿ ಎರಡು ದಿಕ್ಕಿನ ಪಟ್ಟಿಗಳು ಬೇಗ ಒಂದರ ಮೇಲೊಂದು ಕೂಡುತ್ತವೆ. ಆದ್ದರಿಂದ ಸದ್ದು ಒಂದೇ ಕಡೆಯಿಂದ ಬರುವಲ್ಲಿ ಚೌಕ ಸಾಕು. ಹಲವು ಕಡೆಯಿಂದ ಬರುವುದಾದರೆ ದಪ್ಪ ಪೈಪ್ ತಂದು ತ್ರಿಕೋನವಾಗಿ ನೆಡಿ.