ಅಮ್ಮಿ-ಅಬ್ಬಾನನ್ನು ಕೇಳಬೇಕಾದ ಒಂದು ಮಾತು

ಸಹೋದರರೇ, ರಮಝಾನ್ ಬಂತೆಂದರೆ ಝಕಾತ್ ಲೆಕ್ಕ ಹಾಕಿಸಿಕೊಳ್ಳಲು ಹಲವರು ನನ್ನ ರೂಮಿಗೆ ಬರುತ್ತಾರೆ. ಚಿನ್ನ, ಸಾಲ, ಚೀಟಿ ಹಣ ಎಲ್ಲ ಕೇಳುತ್ತೇನೆ. ಈಚೆಗೆ ಇನ್ನೊಂದು ಪ್ರಶ್ನೆ ಸೇರಿಸಿದ್ದೇನೆ: "ಕೊನೆಗಾಲದಲ್ಲಿ ಎಂಥ ಚಿಕಿತ್ಸೆ ಬೇಕೆಂದು ಊರಿನ ತಂದೆ-ತಾಯಿಯನ್ನು ಕೇಳಿದ್ದೀರಾ?" ಹೆಚ್ಚಿನವರು ಮಾತು ಬದಲಿಸುತ್ತಾರೆ.

ನಾನೂ ಕೇಳಿರಲಿಲ್ಲ. ಅಬ್ಬಾನನ್ನು ಐಸಿಯುಗೆ ಸೇರಿಸಿದ ರಾತ್ರಿ ತಮ್ಮ ಫೋನ್ ಮಾಡಿ, "ಭಾಯಿ, ವೆಂಟಿಲೇಟರ್ ಹಾಕಬೇಕಾ ಅಂತ ಕೇಳ್ತಿದ್ದಾರೆ" ಎಂದ. "ಹಾಕಿಸು, ಹಣ ಕಳಿಸ್ತೇನೆ" ಎಂದೆ. ಹನ್ನೊಂದು ದಿನ ಗಾಜಿನಾಚೆ ಮಲಗಿದ್ದರು. ಮನೆಯಲ್ಲೇ, ಮಕ್ಕಳ ಬಾಯಿಂದ ಕಲಿಮಾ ಕೇಳುತ್ತ ಹೋಗಬೇಕೆಂದು ಅಮ್ಮಿಯ ಬಳಿ ಹೇಳಿದ್ದರಂತೆ. ನನಗೆ ಗೊತ್ತಾದದ್ದು ದಫನ್ ಆದ ಮೇಲೆ.

ಇದಕ್ಕೆ ದೀನ್‌ನಲ್ಲಿ ಅಡ್ಡಿಯಿದೆಯೇ? ಜೀವ ತೆಗೆಯುವ ಇಂಜೆಕ್ಷನ್ ಹರಾಮ್. ಫಲವಿಲ್ಲದ ಯಂತ್ರ ಬೇಡವೆನ್ನುವುದು ಬೇರೆ ವಿಷಯ. ಮೆದುಳು ಪೂರ್ತಿ ನಿಂತಿದೆ, ಮರಳುವುದಿಲ್ಲ ಎಂದು ತಜ್ಞ ವೈದ್ಯರು ಖಚಿತಪಡಿಸಿದರೆ ಯಂತ್ರ ತೆಗೆಯಬಹುದೆಂದು 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ತೀರ್ಮಾನಿಸಿದೆ. ಉಳಿದ ಸ್ಥಿತಿಗಳ ಬಗ್ಗೆ ಉಲಮಾರನ್ನೂ ಡಾಕ್ಟರನ್ನೂ ಒಟ್ಟಿಗೆ ಕೂರಿಸಿ ಕೇಳಿ. ಲೆಕ್ಕ ಬರೆಯುವವನು ಫತ್ವಾ ಕೊಡಲಾರ.

ಕಾನೂನು ನನಗೆ ಸ್ವಲ್ಪ ಹತ್ತಿರ. ಗುಣವಾಗುವ ಆಸೆಯಿಲ್ಲದ ಕಾಯಿಲೆಯಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವುದನ್ನು ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು. 2023ರಲ್ಲಿ ಅದನ್ನು ಸುಲಭ ಮಾಡಿತು: ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕಿಲ್ಲ, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. ತಮಗೆ ಮಾತಾಡಲಾಗದಾಗ ಒಪ್ಪಿಗೆ ಹೇಳಬೇಕಾದ ಹತ್ತಿರದವರ ಹೆಸರನ್ನೂ ಬರೆಯಬೇಕು, ಒಬ್ಬರಿಗಿಂತ ಹೆಚ್ಚು. ಊರಲ್ಲೇ ಇರುವವರ ಹೆಸರಿರಲಿ, ನಮ್ಮ ಟಿಕೆಟ್ ನಮ್ಮ ಕೈಯಲ್ಲಿಲ್ಲ. ಹಾಗೆ ಬರೆದರೂ ಆಸ್ಪತ್ರೆಯ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಿದರೆ ಮಾತ್ರ ಯಂತ್ರ ತೆಗೆಯುತ್ತಾರೆ. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿದೆ. ಆಸ್ತಿಯ ವಸಿಯ್ಯತ್ ಬೇರೆ ಕಾಗದ, ಎರಡನ್ನೂ ಬೆರೆಸಬೇಡಿ.

ಕೇಳುವುದು ಹೇಗೆ? ನೇರವಾಗಿ ಸಾವಿನ ಮಾತೆತ್ತಲು ನನಗೂ ಬಾಯಿ ಬರಲಿಲ್ಲ. ಅಮ್ಮಿಗೆ ಸಕ್ಕರೆ ಕಾಯಿಲೆ, ಉಪವಾಸ ಹಿಡಿಯಲಾಗದು. ಫಿದ್ಯಾ ಎಷ್ಟು ಕೊಡಬೇಕೆಂಬ ಮಾತಿನಿಂದ ಶುರುಮಾಡಿ, ಮೆಲ್ಲಗೆ ಕೇಳಿದೆ. ಅವರಿಗೆ ಉತ್ತರ ಸಿದ್ಧವಿತ್ತು. "ನೋವಾಗದ ಹಾಗೆ ಮದ್ದು ಕೊಡಿಸಿ. ಹೆಣ್ಣು ನರ್ಸ್ ಇರಲಿ. ಗುಸ್ಲ್ ನಿನ್ನ ತಂಗಿಯರೇ ಮಾಡಲಿ. ನೀನು ಬರುವವರೆಗೆ ಮಯ್ಯಿತ್ ಕಾಯಿಸಬೇಡ."

ಕೊನೆಯ ಮಾತನ್ನೂ ತಮ್ಮ ಬರೆದುಕೊಂಡ.